ಮಡಿವಂತ ಬ್ಯಾಟರಿ

ಅಂಗಡಿಯ ಮೆಟ್ಟಿಲು ಹತ್ತುತ್ತಲೇ ಯಾರಾದರೂ "ದೊಡ್ಡ ಬ್ಯಾಟ್ರಿ ಯಾವುದೈತ್ರಿ?" ಎಂದು ಕೇಳಿದರೆ ನಾನು ಅವರನ್ನು ಮೊದಲು ಕೂರಿಸಿ ಚಹಾ ತರಿಸುತ್ತಿದ್ದೆ. ದೊಡ್ಡದು ಕೇಳುವವನಿಗೆ ತನಗೇನು ಬೇಕೆಂಬುದು ಇನ್ನೂ ಗೊತ್ತಾಗಿಲ್ಲ ಎಂದೇ ಅರ್ಥ. ಮನೆಯಲ್ಲಿ ಉಣ್ಣುವವರು ಎಷ್ಟು ಜನ ಎಂದು ಕೇಳದೆ ರೊಟ್ಟಿ ಬಡಿಯಲು ಕೂತ ಹಾಗೆ. ಕರೆಂಟು ಹೋದಾಗ ಯಾವ ಯಂತ್ರ ನಡೆಯಬೇಕು, ಎಷ್ಟು ಹೊತ್ತು ನಡೆಯಬೇಕು, ಕರೆಂಟು ಮರಳಿದ ಮೇಲೆ ಬ್ಯಾಟರಿ ಮತ್ತೆ ತುಂಬಿಕೊಳ್ಳಲು ಸಮಯ ಸಿಗುತ್ತದೆಯೇ, ಇಷ್ಟು ಹೇಳಿ, ಬೆಲೆಯ ಮಾತು ಆಮೇಲೆ ಆಡೋಣ ಎನ್ನುತ್ತಿದ್ದೆ. ಇನ್ನೊಂದು ಪ್ರಶ್ನೆಯನ್ನೂ ಕೇಳುತ್ತಿದ್ದೆ. "ನಿಮ್ಮ ಮನ್ಯಾಗ ಇದಕ್ಕ ನೀರು ಹಾಕೋರು ಯಾರು?" ಗಿರಾಕಿಗಳು ನಗುತ್ತಿದ್ದರು. ಆ ಪ್ರಶ್ನೆಯನ್ನು ನನಗೆ ಕಲಿಸಿದ್ದು ಲಕ್ಷ್ಮೇಶ್ವರದ ಒಂದು ಶ್ರಾವಣ.

ಆಗ ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಬೆಟಗೇರಿಯ ಮಗ್ಗಗಳ ಓಣಿಯೊಂದರ ತುದಿಗೆ ನನ್ನ ಅಂಗಡಿ. ಹರ್ತಿಯಿಂದ ಸೈಕಲ್ಲಿನ ಹಿಂದೆ ಮೈಕಿನ ಹಾರ್ನ್ ಒಂದನ್ನು ಕಟ್ಟಿಕೊಂಡು ಬಂದವನು ನಾನು. ಮದುವೆಗೆ, ನಾಟಕಕ್ಕೆ ಮೈಕ್ ಬಾಡಿಗೆ ಕೊಡುತ್ತ, ರೇಡಿಯೋ ದುರಸ್ತಿ ಮಾಡುತ್ತ, ಬ್ಯಾಟರಿ ಚಾರ್ಜು ಮಾಡುವ ಒಂದು ಬೆಂಚು ಹಾಕಿಕೊಳ್ಳುವಷ್ಟು ಬೆಳೆದಿದ್ದೆ. ಕರೆಂಟು ಸಂಜೆಯಾದರೆ ನೆಂಟರಂತೆ ಎದ್ದು ಹೋಗುತ್ತಿದ್ದ ಕಾಲ. ಮಗ್ಗದವರು ಶಾಪ ಹಾಕುತ್ತಿದ್ದರು. ನಾನು ಮಾತ್ರ ಬಾಯಿ ಮುಚ್ಚಿಕೊಂಡಿರುತ್ತಿದ್ದೆ, ಯಾಕೆಂದರೆ ಆ ಕತ್ತಲೆಯೇ ನನ್ನ ವ್ಯಾಪಾರ.

ಒಂದು ದಿನ ಮಾಸ್ತರು ಬಂದರು. ಹರ್ತಿಯ ಶಾಲೆಯಲ್ಲಿ ನನಗೆ ಕಲಿಸಿದವರು, ಕಲಿಸಲು ಪಾಡುಪಟ್ಟವರು ಎಂದರೂ ಸರಿ. ನಿವೃತ್ತರಾಗಿ ತಮ್ಮ ಊರಾದ ಲಕ್ಷ್ಮೇಶ್ವರಕ್ಕೆ ಮರಳಿದ್ದರು. ತಲೆಮಾರುಗಳಿಂದ ಗುಡಿಯ ಸೇವೆ ಮಾಡಿಕೊಂಡು ಬಂದ ಮನೆತನ. ಪೂಜೆಯನ್ನು ಮಾಸ್ತರ ತಮ್ಮ ನೋಡಿಕೊಳ್ಳುತ್ತಿದ್ದರು, ಇವರು ಪ್ರತಿ ಶ್ರಾವಣ ಸಂಜೆಯ ಹೊತ್ತು ಗುಡಿಯ ಅಂಗಳದಲ್ಲಿ ಪುರಾಣ ಓದಿ ಅರ್ಥ ಹೇಳುತ್ತಿದ್ದರು. ಮೊದಲು ಅವರ ಅಪ್ಪ, ಅದಕ್ಕೂ ಮೊದಲು ಅಜ್ಜ ಕೂತ ಜಾಗ ಅದು.

ಹೆಗಲ ಮೇಲಿನ ವಸ್ತ್ರದಿಂದ ಬೆಂಚು ಝಾಡಿಸಿ ಕೂತು ಅವರು ಕೇಳಿದ ಮೊದಲ ಮಾತು, "ಏನಪಾ, ಹದಿನೇಳರ ಮಗ್ಗಿ ಈಗರೆ ಬರ್ತದೇನು?"

"ಬರತೈತ್ರಿ ಸರ. ವ್ಯಾಪಾರಕ್ಕ ಕುಂತ ಮ್ಯಾಲೆ ತಾನ ಓಡಿ ಬಂತು."

ಅವರು ನಕ್ಕರು. ಆ ನಗೆಗೂ ಸದ್ದು ಇರಲಿಲ್ಲ. ಹುಬ್ಬಳ್ಳಿಯಲ್ಲಿ ಗಂಟಲಿನ ಆಪರೇಶನ್ ಆದ ಮೇಲೆ ದನಿ ಎಳೆಯಷ್ಟು ತೆಳ್ಳಗಾಗಿತ್ತು.

"ಮೂರನೇ ಸಾಲಿನಾಗ ಕುಂತವರಿಗೆ ನನ್ನ ಮಾತು ಕೇಳಂಗಿಲ್ಲೋ ತಮ್ಮಾ. ಮೈಕ್ ಹಚ್ಚಿದ್ರ ಕೇಳ್ತದ. ಮೈಕಿಗೆ ಕರೆಂಟು ಬೇಕು. ನಮ್ಮೂರ ಕರೆಂಟು ದೀಪಾ ಹಚ್ಚೋ ಹೊತ್ತಿಗೇ ಹೋಗ್ತದ. ಕಮಿಟಿ ಸಾಹುಕಾರ್ರು ಹೇಳ್ಯಾರ, ಈ ಶ್ರಾವಣ ನೋಡೂಣು, ನೆಟ್ಟಗ ಆಗಲಿಲ್ಲಂದ್ರ ಬರೋ ವರ್ಷ ಗದಗದಿಂದ ಬ್ಯಾರೆಯವರನ್ನ ಕರಸೂಣು ಅಂತ." ಇಷ್ಟು ಹೇಳುವಷ್ಟರಲ್ಲಿ ವಸ್ತ್ರದ ತುದಿ ಅವರ ಬೆರಳಲ್ಲಿ ಹಗ್ಗದಂತೆ ಹೊಸೆದುಹೋಗಿತ್ತು. "ಲಾರೀದು ದೊಡ್ಡ ಬ್ಯಾಟ್ರಿ ತರ್ರಿ ಅಂದಾರ."

"ಲಾರೀದು ಬ್ಯಾಡ್ರಿ ಸರ," ಎಂದೆ ನಾನು. ಲಾರಿಯ ಬ್ಯಾಟರಿ ಗರಡಿ ಮನೆಯ ಪೈಲ್ವಾನ ಇದ್ದಂತೆ. ಒಂದೇ ಉಸಿರಿಗೆ ಕಲ್ಲುಗುಂಡು ಎತ್ತುತ್ತಾನೆ, ಎಂಜಿನ್ನು ತಿರುಗಿತು, ಕೆಲಸ ಮುಗಿಯಿತು. ನಮಗೆ ಬೇಕಾದದ್ದು ಡಂಬಳದಿಂದ ಮುಂಡರಗಿ ಸಂತೆಗೆ ಬುಟ್ಟಿ ಹೊತ್ತು ನಡೆಯುವ ಹೆಣ್ಣುಮಗಳಂಥದ್ದು. ಜೋರಿಲ್ಲ, ಆದರೆ ನಿಲ್ಲುವುದೂ ಇಲ್ಲ. ಪೈಲ್ವಾನನ ಒಳಗಿನ ಸೀಸದ ತಗಡುಗಳು ತೆಳು. ದಿನಾಲೂ ನಿಧಾನಕ್ಕೆ ಬಸಿದರೆ ಬೇಗ ಸೋಲುತ್ತವೆ. ದಪ್ಪ ತಗಡಿನದು ಬೇಕು, ಫೋನಿನ ಕಚೇರಿಗಳಲ್ಲಿ ಇಡುವಂಥದ್ದು.

ಅವರನ್ನು ಕರೆದುಕೊಂಡು ಗದಗ ಸ್ಟೇಶನ್ನಿನ ಬದಿಯ ಒಬ್ಬ ಬ್ಯಾಟರಿ ವ್ಯಾಪಾರಿಯಲ್ಲಿಗೆ ಹೋದೆ. ನನ್ನ ಚೀಲದಲ್ಲಿ ಯಾವಾಗಲೂ ಒಂದು ಹೆಡ್‌ಲೈಟ್ ಬಲ್ಬು, ಎರಡು ತುಂಡು ವಾಯರು. ವ್ಯಾಪಾರಿ ಮೊದಲು ಒಂದು ಹೊಳೆಯುವ ಡಬ್ಬಿ ಎಳೆದು ಮುಂದಿಟ್ಟ.

"ಹೊಸಾ ಮಾಲು, ಬಳಸೇ ಇಲ್ರಿ."

"ಬಳಸೇ ಇಲ್ಲಂದ್ರ ವಾಯರ್ ಬಿಗಿಯೋ ಸೀಸದ ಕಂಬದ ಮ್ಯಾಲೆ ಈ ಗಾಯ ಹ್ಯಾಂಗಾತೋ? ಕನಸಿನಾಗ ಲಾರಿ ಹೊಡ್ಯಾಕ ಹೋಗಿತ್ತೇನು?"

ಬಲ್ಬು ಹಚ್ಚಿಟ್ಟು ಚಹಾಕ್ಕೆ ಹೇಳಿದೆ. ಇದು ನಿಮಗೂ ಹೇಳಿಕೊಡುತ್ತೇನೆ: ಬ್ಯಾಟರಿ ಕೊಳ್ಳುವಾಗ ಅವಸರ ಮಾಡಬಾರದು. ಮಾರುವವನ ಮಾತು ಚಹಾ ಬರುವವರೆಗೆ, ಬಲ್ಬಿನ ಮಾತು ಚಹಾ ಮುಗಿದ ಮೇಲೆ. ಬಟ್ಟಲು ಕೆಳಗಿಡುವಷ್ಟರಲ್ಲಿ ಅದರ ಬೆಳಕು ಕೆಂಪಗಾಗಿತ್ತು.

"ಪರೀಕ್ಷಾ ತಗೊಳ್ಳೋದು ನನ್ನ ಕೆಲಸ ಇತ್ತು. ಈಗ ನೀ ಸುರು ಮಾಡೀಯಲ್ಲ," ಎಂದರು ಮಾಸ್ತರು. "ನಾಪಾಸ್ ಮಾಡು ಇದನ್ನ."

ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ದಪ್ಪ ತಗಡಿನದೊಂದು ನನ್ನ ಕಣ್ಣಿಗೆ ಮೊದಲೇ ಬಿದ್ದಿತ್ತು. ಬೇಕಾದ ವಸ್ತುವಿನ ಕಡೆ ಮೊದಲು ನೋಡಬಾರದು, ಅದಕ್ಕೇ ಇಷ್ಟು ಹೊತ್ತು ಬೇರೆಯದರ ಜೊತೆ ಜಗಳ. ಎದ್ದು ಹೊರಡುವವನಂತೆ ಮಾಡಿ, "ಅದೇನದು ಮೂಲ್ಯಾಗ?" ಎಂದೆ.

"ಅದು ಭಾರೀ ಮಾಲ್ರಿ, ಅಗ್ಗ ಆಗಂಗಿಲ್ಲ."

"ಲಾರಿಯವರು ಒಯ್ಯಂಗಿಲ್ಲ, ಟ್ರ್ಯಾಕ್ಟರಿನವರು ಒಯ್ಯಂಗಿಲ್ಲ. ನಿನ್ನ ಅಂಗಡ್ಯಾಗ ಮನಿ ಅಳಿಯಾ ಆಗಿ ಕುಂತೈತಿ. ನಾ ಕಳಿಸಿಕೊಡ್ತೀನಿ ಅಂದ್ರ ನೀನ ನನಗ ಉಡುಗೊರಿ ಕೊಡಬೇಕು."

ಅವನಿಗೂ ನಗು ಬಂತು. ನಗು ಬಂದ ವ್ಯಾಪಾರಿ ಅರ್ಧ ಸೋತಂತೆ. ಆ ಬ್ಯಾಟರಿಗೂ ಬಲ್ಬು ಹಚ್ಚಿ ಇನ್ನೊಂದು ಚಹಾ ಕುಡಿದೆವು. ಬೆಳಕು ಕದಲಲಿಲ್ಲ.

ಲಕ್ಷ್ಮೇಶ್ವರದ ಮನೆಯ ಪಡಸಾಲೆಯಲ್ಲಿ ಕಟ್ಟಿಗೆಯ ಹಲಗೆಯ ಮೇಲೆ ಅದನ್ನು ಇಟ್ಟೆ. ಪಕ್ಕದಲ್ಲಿ ಚಾರ್ಜರು. ಸಂಜೆ ಗುಡಿಗೆ ಒಯ್ಯುವುದು, ಪುರಾಣ ಮುಗಿದ ಮೇಲೆ ಮನೆಗೆ ತಂದು ಚಾರ್ಜಿಗೆ ಹಚ್ಚುವುದು. ಮಾಸ್ತರ ಹೆಂಡತಿ ಬಾಗಿಲ ಚೌಕಟ್ಟಿಗೆ ಆತು ನಿಂತು ಎಲ್ಲವನ್ನೂ ಕೇಳಿಸಿಕೊಂಡರು. ಆರು ಬಿರಡೆ ತೆಗೆದು ತೋರಿಸಿ, "ಅವ್ವಾರ, ತಗಡು ಮುಣುಗುವಷ್ಟು ನೀರು ಇರಬೇಕ್ರಿ. ಕಡಿಮಿ ಆದ್ರ ಇದನ್ನ ಹಾಕ್ರಿ," ಎಂದು ಬ್ಯಾಟರಿಗೆಂದೇ ಬರುವ ಬಟ್ಟಿ ಇಳಿಸಿದ ನೀರಿನ ಬಾಟಲಿ ಕೊಟ್ಟೆ. ಅವರು ಅದನ್ನು ಎರಡೇ ಬೆರಳಲ್ಲಿ ಹಿಡಿದು ಒಳಗೆ ಹೋದರು. ಸೂಕ್ಷ್ಮದವರು ಎಂದುಕೊಂಡೆ.

ಮೊದಲ ವಾರ ಮಾಸ್ತರ ದನಿ ಊರೆಲ್ಲ ಕೇಳಿತಂತೆ. ಸಾಹುಕಾರರು ಹುರುಪಾಗಿ, ಮೈಕು ಆಂಪ್ಲಿಫಾಯರಿನ ಜೊತೆ ನಾನು ಬಾಡಿಗೆಗೆ ಕೊಟ್ಟಿದ್ದ ಎರಡು ಹಾರ್ನುಗಳನ್ನು ಗುಡಿಯ ಮಾಳಿಗೆಗೆ ಏರಿಸಿ ಪೇಟೆಯ ಕಡೆಗೆ ಮುಖ ಮಾಡಿಸಿದರು. ನಾನು ನನ್ನ ಸಂತೆ, ಮದುವೆಗಳ ಗದ್ದಲದಲ್ಲಿ ಆ ಮಾತು ಮರೆತೆ.

ಶ್ರಾವಣದ ಕಡೆಯ ಸೋಮವಾರ ಶಿರಹಟ್ಟಿಯಲ್ಲಿ ಒಂದು ಕೆಲಸ ಮುಗಿಸಿಕೊಂಡು ಬೆಳಿಗ್ಗೆ ಲಕ್ಷ್ಮೇಶ್ವರದಲ್ಲಿ ಬಸ್ಸಿಳಿದೆ. ಅಂದು ಪುರಾಣದ ಮಂಗಳ. ಮಾಸ್ತರಿಗೆ ನಮಸ್ಕಾರ ಮಾಡಿ ಉಂಡು ಹೋಗೋಣ ಎಂಬ ಲೆಕ್ಕ. ಗುಡಿಯ ಬಾಗಿಲಲ್ಲೇ ಸಾಹುಕಾರರು ಸಿಕ್ಕರು. ಮೆಣಸಿನಕಾಯಿ ದಲಾಲಿ ಅಂಗಡಿಯವರು, ಮಾತೂ ಅದೇ ಖಾರ.

"ಬಂದೇನಪಾ? ನಿನ್ನ ಬ್ಯಾಟ್ರಿಗೂ ಮಾಸ್ತರಿಗೂ ಗಂಟಲಾ ಒಮ್ಮಿಗೇ ಹೋತಲ್ಲ! ನಿನ್ನೆ ಅರ್ಧಕ್ಕ ನಿಂತತು. ಮೊನ್ನೆ ಅದಕ್ಕಿಂತ ಸ್ವಲ್ಪ ಮುಂದ ನಿಂತಿತ್ತು. ಗದಗದ ಪುರಾಣಿಕರು ಇವತ್ತ ಕೇಳಾಕ ಬರಾಕತ್ಯಾರ. ಇವತ್ತೂ ನಡುವ ನಿಂತರ ಬರೋ ವರ್ಷದ ಮಾತು ಅವರಿಗೆ ಕೊಟ್ಟಬಿಡ್ತೀನಿ. ಮಾಸ್ತರ ಮ್ಯಾಲೆ ನನಗೇನು ಸಿಟ್ಟಿಲ್ಲ. ಆದ್ರ ಜನಕ್ಕ ಕೇಳಬೇಕಲ್ಲ?"

ಅವರು ಹೇಳಿದ್ದು ಸುಳ್ಳಲ್ಲ. ಅದೇ ನನಗೆ ಚುಚ್ಚಿದ್ದು.

ಪಡಸಾಲೆಯಲ್ಲಿ ಬ್ಯಾಟರಿ ಇದ್ದ ಹಾಗೆಯೇ ಇತ್ತು. ಮೇಲೆ ಅರಿಶಿನ ಕುಂಕುಮ, ಒಂದು ದಾಸವಾಳ. ಬಿರಡೆ ತೆಗೆದು ಬಗ್ಗಿ ನೋಡಿದರೆ ಒಳಗೆ ಬಚ್ಚಲ ಹಂಡೆಯ ತಳದಲ್ಲಿ ಕಟ್ಟುತ್ತದಲ್ಲ, ಅಂಥ ಬಿಳಿ ಪದರ. ಆಸಿಡ್ಡಿನ ಸತ್ವ ಅಳೆಯುವ ಗಾಜಿನ ಕೊಳವೆ ಇಳಿಸಿದೆ. ಒಳಗಿನ ತೇಲುಬುರುಡೆ ಕಲ್ಲಿನಂತೆ ಮುಳುಗಿತು, ಅಂದರೆ ಆಸಿಡ್ಡಿನಲ್ಲಿ ಸತ್ವವೇ ಉಳಿದಿರಲಿಲ್ಲ.

"ಅವ್ವಾರ, ನಾ ಕೊಟ್ಟ ನೀರು ಎಲ್ಲೈತ್ರಿ?"

ಅವರು ಮಾಸ್ತರ ಮುಖ ನೋಡಿದರು. ಮಾಸ್ತರು ಜಂತಿ ನೋಡಿದರು.

"ಆ ಬಾಟ್ಲಿ ಹಿತ್ತಲದಾಗ ಹೂಳಿಸಿಬಿಟ್ಟೇನಿ."

"ಹೂಳಿಸಿದ್ರಿ? ಯಾಕ್ರಿ?"

"ಯಾಕಂತ ಕೇಳ್ತೀಯಲ್ಲೋ ತಮ್ಮಾ! ಅದು ಬ್ರಾಂಡಿ ಬಾಟ್ಲಿ ಅಂತ ನನಗ ತಿಳ್ಯಂಗಿಲ್ಲೇನು? ಹಿಂದಿನ ಓಣ್ಯಾಗ ಒಬ್ಬಾವ ಅಂಥಾದ್ದ ಹಿಡಕೊಂಡು ದಿನಾ ಸಂಜೀಕ ಹಾಡ್ತಾನ. ಪುರಾಣದ ವ್ಯಾಸಪೀಠದ ಬಾಜೂಕ ಇಡೋ ಪೆಟಗಿಗೆ ಅದರಾಗಿನ ನೀರು ಹಾಕಲ್ಯಾ ನಾ?"

ಹೌದು, ಬ್ರಾಂಡಿ ಬಾಟಲಿಯೇ. ಆಗ ಈ ಧಂದೆಯಲ್ಲಿ ಎಲ್ಲರೂ ರದ್ದಿಯವರಿಂದ ಬಾಟಲಿ ತಂದು, ತೊಳೆದು, ಚೀಟಿ ಕಿತ್ತು ಅದರಲ್ಲೇ ನೀರು ತುಂಬಿ ಮಾರುತ್ತಿದ್ದರು. ಲಾರಿ ಡ್ರೈವರು ಅದನ್ನು ನೋಡಿ ಖುಷಿಯಾಗುತ್ತಿದ್ದ. ಗುಡಿಯ ಮನೆತನದ ಹೆಣ್ಣುಮಗಳಿಗೆ ಹೇಗೆ ಕಂಡೀತು ಎಂದು ಯಾರು ಯೋಚಿಸಿದ್ದರು?

"ಮತ್ತ ಏನು ಹಾಕಿದ್ರಿ ಅವ್ವಾರ?"

"ಬಾವಿ ನೀರು. ಬೆಳಿಗ್ಗೆ ಸ್ನಾನಾ ಮಾಡಿ, ಒದ್ದೀ ಸೀರಿ ಉಟ್ಟು, ಮಡೀಲೆ ಸೇದಿದ್ದು. ದೇವರ ಅಭಿಷೇಕಕ್ಕ ಯಾವ ನೀರೋ ಅದ ನೀರು. ದಿನಾ ಚೂರು ಚೂರು ಹಾಕೇನಿ, ನೀರಡಿಕಿ ಆಗಬಾರದು ಅಂತ." ಅವರ ದನಿಯಲ್ಲಿ ಹೆಮ್ಮೆ ಇತ್ತು. ಕೊಟ್ಟ ಕೆಲಸವನ್ನು ನಾನು ಹೇಳಿದ್ದಕ್ಕಿಂತ ಚೊಕ್ಕಟವಾಗಿ ಮಾಡಿದ್ದರಲ್ಲ!

 ಆಸಿಡ್ಡು, ಲವಣ ಎಂದೆಲ್ಲ ಹೇಳಿ ಪ್ರಯೋಜನವಿಲ್ಲ. ಗಿರಾಕಿಗೆ ಅವನ ಮನೆಯ ಮಾತಿನಲ್ಲೇ ತಿಳಿಸಬೇಕು.

"ಅವ್ವಾರ, ನಿಮ್ಮ ಬಾವಿ ನೀರಾಗ ತೊಗರಿ ಬ್ಯಾಳಿ ಬೇಯತೈತೇನ್ರಿ?"

"ಎಲ್ಲೀದು ಬೇಯ್ತದ? ಸವಳು ನೀರು. ಎಷ್ಟು ಕುದಿಸಿದ್ರೂ ಗಟ್ಟೀನ. ಬ್ಯಾಳಿಗೆ ಅಂತನ ಮಳಿ ನೀರು ಹಿಡದು ಇಟ್ಟಿರ್ತೇನಿ."

"ಬ್ಯಾಳಿ ಬೇಯಗೊಡದ ಆ ಸವಳ ಇದರ ಹೊಟ್ಯಾಗೂ ಕುಂತೈತ್ರಿ. ಈ ಬ್ಯಾಟ್ರಿ ನಿಮಗಿಂತ ಮಡಿವಂತ ಐತಿ. ನೀವರೆ ಬಾವಿ ನೀರು ಮುಟ್ಟತೀರಿ, ಇದು ಅದನ್ನೂ ಮುಟ್ಟಂಗಿಲ್ಲ. ಒಂದು ಹರಳು ಉಪ್ಪು ಬಿದ್ರೂ ಮೈಲಿಗಿ."

ಅವರು ಸೆರಗು ಬಾಯಿಗೆ ಹಚ್ಚಿದರು. "ಅಯ್ಯ, ನಮ್ಮ ಅತ್ತಿಯವರಿಗಿಂತಾ ಕಠಿಣ ಅದನಲ್ಲೋ ಇದು!" ಎಂದು ನಕ್ಕರು. ಆಮೇಲೆ ಮುಖ ಇಳಿಯಿತು. "ಹಂಗಾದ್ರ ಇವರ ದನಿ ನಾನ ಕಟ್ಟಿದಂಗಾತಲ್ಲೋ ತಮ್ಮಾ."

ಜಂತಿಯಿಂದ ಕಣ್ಣು ತೆಗೆಯದೆ ಮಾಸ್ತರು ಹೇಳಿದರು, "ಲಗ್ನ ಆದಾಗಿಂದ ಕಟ್ಟೀದಿ ಬಿಡು. ಇದೇನ ಹೊಸಾದಲ್ಲ."

ಆ ಮಾತಿಗೆ ಅವ್ವಾರ ಕಣ್ಣಲ್ಲಿ ನೀರು, ತುಟಿಯಲ್ಲಿ ನಗು. ಮನೆ ಹಗುರಾಯಿತು. ಆದರೆ ಸಂಜೆ ಹಗುರಾಗಬೇಕಲ್ಲ?

ನನ್ನ ಅಂಗಡಿಯ ಬ್ಯಾಟರಿಗಳೆಲ್ಲ ಅಂದು ಬಾಡಿಗೆಗೆ ಹೋಗಿದ್ದವು. ಗದಗಕ್ಕೆ ಹೋಗಿ ಹೊಸದು ತಂದರೂ ಆಸಿಡ್ಡು ತುಂಬಿ ಮೊದಲ ಚಾರ್ಜು ಆಗಲು ಒಂದು ದಿನ ಬೇಕು. ಶಿಗ್ಲಿಯ ನನ್ನ ಗಿರಾಕಿಯೊಬ್ಬನ ಟ್ರ್ಯಾಕ್ಟರಿನ ಬ್ಯಾಟರಿ ಕೇಳಲು ಆಳು ಕಳಿಸಿದೆ. ಟ್ರ್ಯಾಕ್ಟರೇ ಊರಲ್ಲಿಲ್ಲ ಎಂಬ ಖಬರು ಬಂತು. ಸಾಹುಕಾರರ ಲಾರಿ ಅಲ್ಲೇ ನಿಂತಿತ್ತು. ಮಾಸ್ತರು ಮಾತ್ರ, "ಅವರ ಬ್ಯಾಟ್ರಿ ಮ್ಯಾಲೆ ಓದಿ ಅವರ ಮುಂದ ಪಾಸಾಗೋದು ನನಗ ಬ್ಯಾಡ," ಎಂದುಬಿಟ್ಟರು. ಅಲ್ಲಿಗೆ ಉಳಿದದ್ದು ಈ ಕೆಟ್ಟ ಬ್ಯಾಟರಿ ಒಂದೇ. ಅದನ್ನು ಚಾರ್ಜಿಗೆ ಹಚ್ಚಿ, ಕೂತು ಲೆಕ್ಕ ಹಾಕಿದೆ. ಗಡಿಗೆಯಲ್ಲಿ ಅನ್ನ ಕಡಿಮೆ ಇದ್ದಾಗ ಉಣ್ಣುವವರನ್ನು ಕಡಿಮೆ ಮಾಡಬೇಕು. ಬ್ಯಾಟರಿಯ ಶಾಸ್ತ್ರದಲ್ಲಿ ಅರ್ಧ ಇಷ್ಟೇ. ಜನ ಇದನ್ನು ಮರೆತು ಇನ್ನೂ ದೊಡ್ಡ ಗಡಿಗೆ ಹುಡುಕುತ್ತಾರೆ.

ಮಾಳಿಗೆ ಹತ್ತಿ ಎರಡೂ ಹಾರ್ನು ಇಳಿಸಿದೆ. ಒಂದನ್ನು ಮೂಲೆಗಿಟ್ಟು, ಇನ್ನೊಂದನ್ನು ಅಂಗಳದ ಕಂಬಕ್ಕೆ, ಕೂತವರ ಕಿವಿಯ ಎತ್ತರಕ್ಕೆ ಕಟ್ಟಿದೆ. ಸಾಹುಕಾರರು ಬಂದೇ ಬಂದರು.

"ಎರಡು ಇದ್ದಲ್ಲೆ ಒಂದ? ಪ್ಯಾಟಿಗೆ ಕೇಳೋದು ಬ್ಯಾಡೇನು?"

"ಪ್ಯಾಟಿಯವರಿಗೆ ಪುರಾಣ ಬೇಕಾದ್ರ ಗುಡಿಗೆ ಬರ್ಲಿ ಬಿಡ್ರಿ ಸಾಹುಕಾರ್ರ. ಈಗ ತೂಕಾ ಮಾಡಕೋತ ಕೇಳ್ತಾರ. ದೇವರ ಕತಿ ಕೇಳಕೋತ ತಕ್ಕಡಿ ಹಿಡದ್ರ ಯಾರಿಗೆ ಲುಕ್ಸಾನು, ನೀವ ಹೇಳ್ರಿ?"

ಅವರು ನನ್ನನ್ನು ಒಂದು ಗಳಿಗೆ ನೋಡಿ, "ಬಾಳ ಶಾಣ್ಯಾ ಅದಿ," ಎಂದು ಹೋದರು.

ಉಳಿದದ್ದು ಮಾಸ್ತರು. ಬ್ಯಾಟರಿ ಯಾವಾಗ ನಿಲ್ಲುತ್ತದೋ ಎಂಬ ಅಂಜಿಕೆಗೆ ಅವರು ಮೈಕಿನ ಮುಂದೆ ಕೂಗಲು ಶುರು ಮಾಡಿದ್ದರಂತೆ. ಕೂಗಿದಷ್ಟೂ ಯಂತ್ರ ಹೆಚ್ಚು ಕುಡಿಯುತ್ತದೆ, ಗಂಟಲೂ ಹರಿಯುತ್ತದೆ.

"ಸರ, ಹರ್ತಿ ಶಾಲ್ಯಾಗ ಮಳಿ ಬಂದಾಗ ತಗಡಿನ ಸಪ್ಪಳದಾಗ ಪಾಠ ನಡೀತಿರಲಿಲ್ಲ. ಆಗ ಕತಿ ಹೇಳ್ತಿದ್ರಿ. ಸಣ್ಣ ದನೀಲೆ. ನಾವೆಲ್ಲ ಸರದು ಸರದು ನಿಮ್ಮ ಮೊಣಕಾಲಿಗೆ ಬಂದು ಕುಂಡ್ರತಿದ್ವಿ. ಇವತ್ತ ಹಂಗ ಹೇಳ್ರಿ."

"ನೀ ಆವಾಗ ಕತಿ ಕೇಳ್ತಿದ್ಯೇನು? ನನ್ನ ಕಿಸೇದಾಗಿನ ಪೆಪ್ಪರಮೆಂಟಿಗೆ ಬರ್ತಿದ್ದಿ."

"ಅದಕ್ಕೂ ಬರ್ತಿದ್ದೆ, ಇದಕ್ಕೂ ಬರ್ತಿದ್ದೆ ಸರ."

ಸಂಜೆ ಅಂಗಳ ತುಂಬಿತು. ಗದಗದ ಪುರಾಣಿಕರು ಮುಂದಿನ ಸಾಲಲ್ಲಿ ಶಾಲು ಸರಿಮಾಡಿಕೊಂಡು ಕೂತರು. ಸಾಹುಕಾರರು ಎಂದಿನಂತೆ ದೂರದ ಕಟ್ಟೆಗೆ. ಹೆಂಗಸರ ನಡುವೆ ಮಾಸ್ತರ ಹೆಂಡತಿ, ಕಣ್ಣು ಮಾತ್ರ ಬ್ಯಾಟರಿಯ ಮೇಲೆ. ಮೊದಲ ಪದ್ಯ ಮುಗಿಯುವಷ್ಟರಲ್ಲಿ ಕರೆಂಟು ಹೋಯಿತು. ಎಣ್ಣೆಯ ದೀಪಗಳು ಉಳಿದವು. ನಾನು ಸ್ವಿಚ್ಚು ಒತ್ತಿದೆ. ಆಂಪ್ಲಿಫಾಯರಿನ ಕೆಂಪು ದೀಪ ಹತ್ತಿತು.

ಮಾಸ್ತರು ಕೂಗಲಿಲ್ಲ. ತಮ್ಮ ಪಡಸಾಲೆಯಲ್ಲಿ ಕೂತು ಮಾತಾಡಿದಂತೆ ಅರ್ಥ ಹೇಳಿದರು. ಮೊದಮೊದಲು ಹಿಂದಿನವರು "ಏನಂದ್ರು? ಏನಂದ್ರು?" ಎಂದು ಪಿಸುಗುಟ್ಟಿದರು. ಆಮೇಲೆ ಒಬ್ಬರು ಕಂಬದ ಕಡೆಗೆ ಸರಿದರು, ಅವರ ಹಿಂದೆ ಇನ್ನಿಬ್ಬರು. ಹೆಂಗಸರು ಕೂಸುಗಳನ್ನು ಎತ್ತಿಕೊಂಡು ಮುಂದೆ ಬಂದರು. ಮೂರನೇ ಸಾಲು ಮೊದಲನೆಯದಕ್ಕೆ ಕೂಡಿತು. ನೋಡುತ್ತೇನೆ, ಸಾಹುಕಾರರೂ ಕಟ್ಟೆ ಇಳಿದು ಬಂದು ನೆಲದ ಮೇಲೆ ಕೂತಿದ್ದಾರೆ.

ಮಂಗಳದ ಪದ್ಯಗಳು ಬಂದಾಗ ಕೆಂಪು ದೀಪ ಮಂದವಾಯಿತು. ನಾನು ದನಿಯ ಗುಂಡಿಯನ್ನು ಕೂದಲೆಳೆಯಷ್ಟು ಇಳಿಸಿದೆ. ಮತ್ತೂ ಮಂದವಾಯಿತು, ಆರಿಯೇ ಹೋಯಿತು.  ಆದರೆ ಒಬ್ಬರೂ ತಲೆ ಎತ್ತಲಿಲ್ಲ. ಮಾಸ್ತರಿಗೇ ಗೊತ್ತಾಗಲಿಲ್ಲ. ಜನ ಅಷ್ಟು ಹತ್ತಿರ ಬಂದಿದ್ದರು. ಆ ಎಳೆಯಂಥ ದನಿ, ಯಾವ ಯಂತ್ರವೂ ಇಲ್ಲದೆ, ಕಡೆಯ ಪದ್ಯದವರೆಗೂ ಎಲ್ಲರಿಗೂ ಕೇಳಿತು. ಗೊತ್ತಾದದ್ದು ಇಬ್ಬರಿಗೆ ಮಾತ್ರ. ನನಗೆ, ಮತ್ತೆ ಹೆಂಗಸರ ನಡುವೆ ಕೂತು ಸೆರಗಿನ ತುದಿ ಕಚ್ಚಿ ಹಿಡಿದಿದ್ದ ಅವ್ವಾರಿಗೆ.

ಆರತಿ ಆದ ಮೇಲೆ ಸಾಹುಕಾರರು ಗದಗದವರ ಹತ್ತಿರ ಹೋಗಿ ಕೈಮುಗಿದರು. "ದೂರದಿಂದ ಬಂದೀರಿ, ಪ್ರಸಾದ ತಗೊಂಡು ಹೋಗ್ರಿ," ಎಂದರು. ಬರುವ ವರ್ಷದ ಮಾತೇ ಎತ್ತಲಿಲ್ಲ. ನನ್ನ ಪಕ್ಕ ಹಾಯುವಾಗ ನಿಂತು, "ಮುಂದಿನ ವರ್ಷನೂ ಮಾಸ್ತರಿಗೆ ಒಂದ ಹಾರ್ನ್ ಸಾಕು. ಎರಡನೇದಕ್ಕ ಬಾಡಿಗಿ ಕೇಳಬ್ಯಾಡ ಮತ್ತ," ಎಂದರು. ನಾನು ಚೌಕಾಸಿಗೆ ಇಳಿಯದೆ ತಲೆಯಾಡಿಸಿದ್ದು ನನ್ನ ಜೀವಮಾನದಲ್ಲಿ ಅಂದು ಒಂದೇ ಸಲ ಇರಬೇಕು.

ಆ ಬ್ಯಾಟರಿಯ ತಗಡು ಉಳಿಯಲಿಲ್ಲ. ಹಳೆಯದನ್ನು ಸೀಸದ ಬೆಲೆಗೆ ಕೊಟ್ಟು ಅದೇ ವ್ಯಾಪಾರಿಯಿಂದ ಅಂಥದ್ದೇ ಇನ್ನೊಂದು ತಂದುಕೊಟ್ಟೆ. ನೀರನ್ನು ಅಂದಿನಿಂದ ಹೊಸ ಬಿಳಿ ಡಬ್ಬಿಯಲ್ಲೇ ಮಾರಿದೆ. ಮುಂದೆ ಮುಂಡರಗಿ, ಶಿರಹಟ್ಟಿಗಳಲ್ಲಿ ಟೀವಿ ಬಂದು, ಜನ ಬ್ಯಾಟರಿಗೆ ಮುಗಿಬಿದ್ದಾಗ ಪ್ರತಿಯೊಬ್ಬರಿಗೂ "ಇದು ಬಾಳ ಮಡಿವಂತ ಐತ್ರಿ" ಎಂದು ಹೇಳಿಯೇ ಕೊಡುತ್ತಿದ್ದೆ. ಅದಕ್ಕಿಂತ ಚಲೋ ಮಾತು ನನಗೆ ಇವತ್ತಿಗೂ ಸಿಕ್ಕಿಲ್ಲ.

ಮರುವರ್ಷ ಶ್ರಾವಣದ ಮುಂಚೆ ನೀರಿನ ಡಬ್ಬಿ ಹಿಡಿದುಕೊಂಡು ಲಕ್ಷ್ಮೇಶ್ವರಕ್ಕೆ ಹೋದೆ. ಅವ್ವಾರು ಬೇಡ ಎಂದರು. ಹೋದ ಸಲ ನಾನೇ ಹೇಳಿದ್ದೆನಂತೆ: ಅಂಗಡಿ ನೀರು ಸಿಗದಿದ್ದರೆ ಮಳೆ ನೀರು ನಡೆದೀತು, ಆದರೆ ಮಾಳಿಗೆಯಿಂದ ಇಳಿದದ್ದಲ್ಲ, ತಾಮ್ರ ಹಿತ್ತಾಳೆಯಲ್ಲಿ ಹಿಡಿದದ್ದೂ ಅಲ್ಲ, ಬಯಲಲ್ಲಿ ನೇರ ಮುಗಿಲಿನಿಂದ ಪಿಂಗಾಣಿ ಭರಣಿಗೆ ಬಿದ್ದದ್ದು. ಪಡಸಾಲೆಯ ಗೂಡಿನಲ್ಲಿ ಉಪ್ಪಿನಕಾಯಿಯ ದೊಡ್ಡ ಭರಣಿಯೊಂದು ತಿಕ್ಕಿ ತೊಳೆದು, ಬಾಯಿಗೆ ಬಿಳಿ ಅರಿವೆ ಕಟ್ಟಿಸಿಕೊಂಡು ಕೂತಿತ್ತು. ಗಿರಾಕಿಗೆ ಪೂರಾ ಬುದ್ಧಿ ಹೇಳಬಾರದು ಎನ್ನುವುದು ಇದಕ್ಕೇ.

ಮಾಸ್ತರು ನನ್ನ ಕಿವಿಯ ಹತ್ತಿರ ಬಗ್ಗಿ, ಆ ಎಳೆಯಂಥ ದನಿಯಲ್ಲಿ ದೂರು ಹೇಳಿದರು. "ಆ ಭರಣಿ ನನಗೂ ಮುಟ್ಟಗೊಡಂಗಿಲ್ಲೋ ಮಾರಾಯಾ. ನೀರಡಿಸೇದ ಅಂದ್ರ, ಬಾವಿ ನೀರು ಕುಡೀರಿ ಅಂತಾಳ."